ಹಳೆಯ ಚಿತ್ರಗಳ ಹಾಸ್ಯವೂ ಶಾಲೆಯ ರಂಗಸ್ಥಳವೂ

ರಸಗಳ ಪಂಕ್ತಿಯಲ್ಲಿ ಹಾಸ್ಯಕ್ಕೆ ಕೊನೆಯ ಮಣೆ ಎಂಬ ಭಾವನೆ ವಿದ್ವಜ್ಜನರಲ್ಲಿಯೂ ಉಂಟು. ಅಳಿಸಿದವನು ಕಲಾವಿದ, ನಗಿಸಿದವನು ಕೋಡಂಗಿ ಎಂದು ಲೋಕ ಬಗೆದಿದೆ. ಆದರೆ ಭರತಮುನಿಯು ರಸಗಳನ್ನು ಎಣಿಸುವಾಗ ಶೃಂಗಾರವನ್ನು ಹೇಳಿದೊಡನೆಯೇ ಹಾಸ್ಯವನ್ನು ಹೆಸರಿಸಿದನು. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತಗಳೆಂದು ನಗೆಯಲ್ಲಿ ಆರು ಬಗೆಯನ್ನು ಕಾಣಿಸಿ, ಅವನ್ನು ಉತ್ತಮ, ಮಧ್ಯಮ, ಅಧಮ ಪ್ರಕೃತಿಗಳಿಗೆ ಎರಡೆರಡಾಗಿ ಹಂಚಿದನು. ನಗುವುದರಲ್ಲಿಯೂ ಮೇಲುಕೀಳುಗಳಿವೆ ಎಂಬುದು ಇದರ ತಾತ್ಪರ್ಯ. ಶಾಲಾ ವಾರ್ಷಿಕೋತ್ಸವಗಳಲ್ಲಿ ಹಾಸ್ಯಪ್ರಹಸನವಿಲ್ಲದ ಸಂಜೆಯೇ ಇಲ್ಲವಾಗಿರುವ ಈ ಕಾಲದಲ್ಲಿ, ಮಕ್ಕಳು ಯಾವ ಬಗೆಯ ನಗೆಯನ್ನು ಕಲಿಯುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಅಧ್ಯಾಪಕರೂ ಪೋಷಕರೂ ಕೇಳಿಕೊಳ್ಳಲೇಬೇಕಾಗಿದೆ. ಉತ್ತರಕ್ಕೆ ಶಾಸ್ತ್ರಗ್ರಂಥಗಳಷ್ಟೇ ಅಲ್ಲದೆ ನಮ್ಮ ಹಳೆಯ ಚಲನಚಿತ್ರಗಳೂ ನೆರವಾಗುತ್ತವೆ.

ಹಳೆಯ ಮೈಸೂರು ಸೀಮೆಯ ಹಳ್ಳಿಗಾಡಿಗೆ ಚಿತ್ರಗಳು ಬಂದುದು ಟೂರಿಂಗ್ ಟಾಕೀಸಿನ ಡೇರೆಗಳ ಮೂಲಕ. ಮಂಚೇನಹಳ್ಳಿ, ಗೌರಿಬಿದನೂರುಗಳ ಕಡೆಯ ಜನಕ್ಕೆ ಕನ್ನಡದಂತೆಯೇ ತೆಲುಗೂ ಕಿವಿಗೆ ಪರಿಚಿತ. ಆದುದರಿಂದ ನರಸಿಂಹರಾಜು ಅವರಿಗೆ ನಕ್ಕ ಮಂದಿಯೇ 1957ರ 'ಮಾಯಾಬಜಾರ್' ಚಿತ್ರದಲ್ಲಿ ಲಕ್ಷ್ಮಣಕುಮಾರನಾಗಿದ್ದ ರೇಲಂಗಿಯವರಿಗೂ ನಕ್ಕರು. ಭಾಷೆ ಬೇರೆಯಾದರೂ ನಗೆಯ ಮೂಲ ಒಂದೇ ಆಗಿತ್ತು. ಅಭಿನವಗುಪ್ತಪಾದರು ಅನೌಚಿತ್ಯವೇ ಹಾಸ್ಯಕ್ಕೆ ವಿಭಾವವೆಂದರು. ತಾನು ಏನಲ್ಲವೋ ಅದೆಂದು ತೋರಿಕೊಳ್ಳುವವನು, ಆಡುವ ಮಾತಿಗೂ ಮಾಡುವ ಕೆಲಸಕ್ಕೂ ಹೊಂದಿಕೆಯಿಲ್ಲದವನು ಎಲ್ಲಿಯೇ ಇರಲಿ ನಗೆಗೆ ಪಾತ್ರನಾಗುತ್ತಾನೆ. ನುಡಿಯಂತೆ ನಡೆ ಇರಬೇಕೆಂದ ಶರಣರ ನಾಡಿನಲ್ಲಿ ಈ ತತ್ತ್ವವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕನ್ನಡ ಚಿತ್ರಹಾಸ್ಯದ ತವರು ವೃತ್ತಿರಂಗಭೂಮಿ. ಗುಬ್ಬಿ ವೀರಣ್ಣನವರು 'ಸದಾರಮೆ'ಯ ಕಳ್ಳನ ಪಾತ್ರದಿಂದ ಮನೆಮಾತಾದವರು. ಆ ನಾಟಕವು 1935ರಲ್ಲಿಯೇ ಚಿತ್ರವಾಯಿತು. ಅವರ ಕಂಪನಿಯ ಗರಡಿಯಲ್ಲಿ ಪಳಗಿದವರಲ್ಲಿ ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಮೂವರೂ ಇದ್ದಾರೆ. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ಬಣ್ಣ ಹಚ್ಚಿದ ನರಸಿಂಹರಾಜು ಅವರು 1954ರ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ರಾಜಕುಮಾರರೊಡನೆ ಬೆಳ್ಳಿತೆರೆಗೆ ಬಂದರು. ಅವರ ಕೃಶವಾದ ಮೈ, ಮುಂಚಾಚಿದ ಹಲ್ಲು, ಕಣ್ಣಿನ ಚುರುಕು ಇವೆಲ್ಲ ನಗೆಗೆ ಬಾಗಿಲು ತೆರೆದವು ನಿಜ. ಆದರೆ ಬಾಗಿಲಲ್ಲಿಯೇ ನಿಂತಿದ್ದರೆ ಅವರು 1979ರಲ್ಲಿ ತೀರಿಹೋದ ಮೇಲೂ ಇಂದಿನವರೆಗೆ ನೆನಪಿನಲ್ಲಿ ಉಳಿಯುತ್ತಿರಲಿಲ್ಲ.

ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ 1965ರ 'ಸತ್ಯ ಹರಿಶ್ಚಂದ್ರ' ಚಿತ್ರದ ನಕ್ಷತ್ರಿಕನ ಪಾತ್ರವೇ ಇದಕ್ಕೆ ಸಾಕ್ಷಿ. ಬೆಂಬಿಡದೆ ಪೀಡಿಸುವವನನ್ನು ನಮ್ಮ ಜನ ಇಂದಿಗೂ ನಕ್ಷತ್ರಿಕನೆಂದೇ ಕರೆಯುತ್ತಾರೆ. ರಾಘವಾಂಕನ ಕಾವ್ಯವನ್ನು ಪಾಠ ಹೇಳಿದ ಪ್ರತಿಯೊಬ್ಬ ಅಧ್ಯಾಪಕನೂ ಈ ಪಾತ್ರದ ಬಳಿ ಒಮ್ಮೆ ನಿಂತಿರುತ್ತಾನೆ. ವಿಶ್ವಾಮಿತ್ರನ ಸಾಲ ವಸೂಲಿಗೆ ಬಂದವನು ಅವನು. ಆದರೆ ಸಾಲಗಾರನು ನಡೆಯುವ ಬಿಸಿಲಿನಲ್ಲಿ, ಅದೇ ಕಲ್ಲುಮುಳ್ಳಿನ ದಾರಿಯಲ್ಲಿ ಅವನೂ ನಡೆಯಬೇಕು. ಕಾಡುವವನೇ ಕಾಡಿಗೆ ಬಿದ್ದ ಈ ವಿಪರ್ಯಾಸ ಮೊದಲ ನಗೆ. ಕೊಡುವುದಾಗಿ ಹೇಳಲೇ ಇಲ್ಲವೆಂದು ಒಂದೇ ಒಂದು ಸುಳ್ಳನ್ನಾಡಿಬಿಟ್ಟರೆ ಇಷ್ಟೆಲ್ಲ ಬವಣೆ ತಪ್ಪುವುದಲ್ಲ ಎಂಬ ಅವನ ವಾದ ಎರಡನೆಯ ನಗೆ, ಮತ್ತು ಇದೇ ದೊಡ್ಡ ನಗೆ. ಏಕೆಂದರೆ ಆ ವಾದ ನಕ್ಷತ್ರಿಕನೊಬ್ಬನದಲ್ಲ. ಸಂತೆಯಲ್ಲಿ, ಕಚೇರಿಯಲ್ಲಿ, ಮನೆಯಲ್ಲಿ ನಾವೆಲ್ಲರೂ ದಿನವೂ ಹೂಡುವ ವಾದ ಅದು. ನಕ್ಷತ್ರಿಕನಿಗೆ ನಗುತ್ತ ನಗುತ್ತ ಪ್ರೇಕ್ಷಕನು ತನ್ನ ಜಾಣತನಕ್ಕೇ ನಗುತ್ತಾನೆ. ಆ ನಗೆಯ ಬೆಳಕಿನಲ್ಲಿ ಹರಿಶ್ಚಂದ್ರನ ಎತ್ತರ ಕಾಣುತ್ತದೆ. ಅಲ್ಲಿ ಹಾಸ್ಯವು ಕರುಣಕ್ಕೆ ಅಡ್ಡಿಯಾಗದೆ, ಅದನ್ನು ತಾಳಿಕೊಳ್ಳುವ ಬಲವನ್ನು ಕೊಡುತ್ತದೆ.

ಬಾಲಕೃಷ್ಣರಿಗೆ ಕಿವಿ ಮಂದವಾಗಿದ್ದಿತು. ಎದುರಿನ ನಟನ ತುಟಿಗಳ ಚಲನೆಯನ್ನು ನೋಡಿ ತಮ್ಮ ಮಾತಿನ ಸರದಿಯನ್ನು ಹಿಡಿಯುತ್ತಿದ್ದರೆಂಬುದು ಚಿತ್ರರಂಗದಲ್ಲಿ ಪ್ರಸಿದ್ಧವಾದ ಸಂಗತಿ. ಕಿವುಡುತನವನ್ನೇ ತೋರಿಸಿ ನಗಿಸುವುದು ಅವರಿಗೆ ಎಷ್ಟು ಸುಲಭವಾಗಿತ್ತು! ಆದರೆ ಜನರು ಮರೆಯದಿರುವುದು ಅವರ ಮಾತಿನ ಏರಿಳಿತವನ್ನು, 1972ರ 'ಬಂಗಾರದ ಮನುಷ್ಯ'ದ ರಾಚೂಟಪ್ಪನ ಸ್ನೇಹವನ್ನು. ಗಿಡ್ಡ ಮೈಯ ದ್ವಾರಕೀಶರು 'ಕುಳ್ಳ' ಎಂಬ ಹೀಯಾಳಿಕೆಯ ಮಾತನ್ನೇ ಬಿರುದಾಗಿ ಧರಿಸಿ, 'ಕುಳ್ಳ ಏಜೆಂಟ್ 000' ಮುಂತಾದ ಚಿತ್ರಗಳಲ್ಲಿ ತಾವೇ ನಾಯಕರಾದರು. ತನಗೆ ತಾನೇ ನಗುವುದಕ್ಕೂ ಇತರರಿಂದ ನಗೆಗೀಡಾಗುವುದಕ್ಕೂ ಅಜಗಜಾಂತರವಿದೆ. ಸಾಗರದಾಚೆಯ ಚಾಪ್ಲಿನ್ನನು 1925ರ 'ದಿ ಗೋಲ್ಡ್ ರಷ್' ಚಿತ್ರದಲ್ಲಿ ಹಸಿವು ತಾಳಲಾರದೆ ಬೂಟನ್ನು ಬೇಯಿಸಿ, ಔತಣದ ಮರ್ಯಾದೆಯಿಂದಲೇ ತಿನ್ನುತ್ತಾನೆ. ಬಡತನಕ್ಕೆ ಅಲ್ಲಿ ಯಾರೂ ನಗುವುದಿಲ್ಲ. ಬಡತನದಲ್ಲಿಯೂ ಬಿಡದ ಆ ಮರ್ಯಾದೆಗೆ ಕಣ್ಣು ತೇವಗೊಂಡು ನಗುತ್ತಾರೆ.

ಹಳೆಯದೆಲ್ಲ ಹೊನ್ನೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ತೊದಲುಮಾತು, ಸ್ಥೂಲದೇಹ, ಕಪ್ಪು ಬಣ್ಣ, ಹಳ್ಳಿಗನ ಉಚ್ಚಾರಣೆ ಇವನ್ನೇ ಬಂಡವಾಳ ಮಾಡಿಕೊಂಡ ದೃಶ್ಯಗಳು ಆ ಕಾಲದಲ್ಲಿಯೂ ಬೇಕಾದಷ್ಟಿದ್ದವು. ಅವು ಅಂದೂ ಅಧಮವೇ, ಇಂದೂ ಅಧಮವೇ. ದುಃಖದ ಸಂಗತಿಯೆಂದರೆ, ಶಾಲೆಯ ರಂಗಸ್ಥಳಕ್ಕೆ ಇಂದು ಸುಲಭವಾಗಿ ನುಸುಳುತ್ತಿರುವುದು ಇವೇ. ಫೋನಿನಲ್ಲಿಯೂ ದೂರದರ್ಶನದಲ್ಲಿಯೂ ಕಂಡ ತುಣುಕುಗಳನ್ನು ಮಕ್ಕಳು ಹಾಗೆಯೇ ಒಪ್ಪಿಸುತ್ತಾರೆ. ಕುಂಟುವವನ ನಡಿಗೆಯನ್ನು ಒಬ್ಬ ಬಾಲಕ ಅಣಕಿಸಿದಾಗ ಮುಂದಿನ ಸಾಲಿನ ಗಣ್ಯರು ಚಪ್ಪಾಳೆ ತಟ್ಟಿದರೆ, ಆ ಚಪ್ಪಾಳೆಯೇ ಅಂದಿನ ಪಾಠವಾಗುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತು ತಲೆತಗ್ಗಿಸಿದ ಇನ್ನೊಂದು ಮಗು ಆ ಪಾಠವನ್ನು ಬಹುಕಾಲ ಮರೆಯುವುದಿಲ್ಲ.

ಆದಕಾರಣ ಪ್ರಹಸನವನ್ನು ಆರಿಸುವ ಅಧ್ಯಾಪಕರಿಗೆ ಒಂದು ಒರೆಗಲ್ಲು ಸಾಕು: ಯಾರನ್ನು ಕುರಿತು ನಗಿಸುತ್ತೇವೆಯೋ ಅವರೇ ಸಭೆಯಲ್ಲಿ ಕುಳಿತಿದ್ದರೆ ಎಲ್ಲರೊಡನೆ ನಗಬಲ್ಲರೇ? ಜಿಪುಣ, ಡಾಂಭಿಕ, ಅರೆಬರೆ ಕಲಿತು ಪಂಡಿತನೆನ್ನಿಸಿಕೊಂಡವನು, ಇವರನ್ನು ಧಾರಾಳವಾಗಿ ರಂಗಕ್ಕೆ ತರಲಿ, ಪಂಡಿತರು ಮುನಿಯಲಾರರು. ಮನುಷ್ಯನು ತಿದ್ದಿಕೊಳ್ಳಬಹುದಾದ ದೋಷಕ್ಕೆ ನಗೆ ಮದ್ದು. ಹುಟ್ಟಿನಿಂದ ಬಂದುದಕ್ಕೆ ನಗೆ ಗಾಯ. ಈ ವಿವೇಕವನ್ನು ಕಲಿತ ಮಕ್ಕಳು ಮನಸಾರೆ ನಗಲಿ, ಊರನ್ನೂ ನಗಿಸಲಿ.