ಬತ್ತಿದ ಕಣ್ಣಿಗೆ ತನ್ನದೇ ರಕ್ತದ ತಿಳಿ

ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬರಲಿಲ್ಲವೆಂದು ಯಾರೂ ಡಾಕ್ಟರ ಬಳಿ ಓಡುವುದಿಲ್ಲ. ಬಾರದಿದ್ದರೆ ಒಳ್ಳೆಯದೇ ಆಯಿತು ಎಂದುಕೊಳ್ಳುವವರೇ ಹೆಚ್ಚು. ಆಮೇಲೆ ಜೋಳದ ರೊಟ್ಟಿ ನುಂಗಲು ತುತ್ತಿಗೊಂದು ಗುಟುಕು ನೀರು ಬೇಕಾಗುತ್ತದೆ. ಬೆಳಿಗ್ಗೆ ಏಳುವಾಗ ರೆಪ್ಪೆ ಕಣ್ಣುಗುಡ್ಡೆಗೆ ಅಂಟಿಕೊಂಡಿರುತ್ತದೆ. ತೆರೆದರೆ ಸಿಪ್ಪೆ ಸುಲಿದಂಥ ನೋವು. ಬಿಸಿಲಿಗೆ ನಿಲ್ಲಲಾಗದು, ಫ್ಯಾನಿನ ಕೆಳಗೆ ಕೂರಲಾಗದು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬೇಡವೇ ಬೇಡ. ಮನೆಯವರಿಗೆ ಕಾಣುವುದು ಕೊಂಚ ಕೆಂಪಾದ ಕಣ್ಣು ಮಾತ್ರ. ನಿದ್ದೆಗೆಟ್ಟಿರಬೇಕು ಎಂದು ಸುಮ್ಮನಾಗುತ್ತಾರೆ.

ಶೋಗ್ರೆನ್ ಸಿಂಡ್ರೋಮ್ ಹೀಗೆ ಮೆಲ್ಲಗೆ ಮನೆಯೊಳಗೆ ಕಾಲಿಡುತ್ತದೆ. ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ದೇಹದ ಕಾವಲು ಪಡೆಯೇ ತಿರುಗಿಬೀಳುವ ಕಾಯಿಲೆ ಇದು. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ ಇಂಥ 19 ಮಹಿಳೆಯರನ್ನು ಪರೀಕ್ಷಿಸಿ 1933ರಲ್ಲಿ ಪ್ರಬಂಧ ಒಪ್ಪಿಸಿದಾಗ, ಅಧ್ಯಾಪಕ ಹುದ್ದೆಗೆ ಬೇಕಾದಷ್ಟು ದರ್ಜೆ ಅದಕ್ಕೆ ಸಿಗಲಿಲ್ಲ. ಹತ್ತು ವರ್ಷಗಳ ನಂತರ ಅದು ಇಂಗ್ಲಿಷಿಗೆ ಅನುವಾದವಾದ ಮೇಲೆ ಹೊರಜಗತ್ತು ಅತ್ತ ನೋಡಿತು. ತೊಂಬತ್ತು ವರ್ಷ ಕಳೆದರೂ ಒಣಕಣ್ಣನ್ನು ಹಗುರವಾಗಿ ಕಾಣುವ ಚಾಳಿ ಮಾತ್ರ ಹೋಗಿಲ್ಲ.

ಮೊಬೈಲು, ಕಂಪ್ಯೂಟರ್ ನೋಡಿ ನೋಡಿ ಕಣ್ಣು ಒಣಗುವುದು ಬೇರೆ. ರೆಪ್ಪೆ ಬಡಿಯುವುದು ಕಡಿಮೆಯಾಗಿ ಬರುವ ಆ ಉರಿ ವಿಶ್ರಾಂತಿ, ಬಿಸಿಬಟ್ಟೆಯ ಶಾಖ, ಔಷಧ ಅಂಗಡಿಯಲ್ಲಿ ಸಿಗುವ ಕೃತಕ ಕಣ್ಣೀರು ಇಷ್ಟಕ್ಕೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಇಲ್ಲಿ ಹೇಳಹೊರಟಿರುವುದು ಯಾವ ಹನಿಗೂ ಬಗ್ಗದ ಒಣಕಣ್ಣಿನ ಮಾತು. ಶೋಗ್ರೆನ್ ಅದಕ್ಕೊಂದು ಕಾರಣ. ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆ, ಸಲ್ಫಾ ಔಷಧ ಮುಂತಾದವು ಮೈಗೆ ಒಗ್ಗದೆ ಚರ್ಮವೇ ಸುಲಿದುಹೋಗುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಇನ್ನೊಂದು. ಜೀವ ಉಳಿದರೂ ಕಣ್ಣೀರಿನ ಮೂಲವೇ ಸುಟ್ಟುಹೋಗಿರಬಹುದು. ಎಲೆ-ಅಡಿಕೆಯ ಸುಣ್ಣದ ಪ್ಯಾಕೆಟ್ ಮಗುವಿನ ಕೈಯಲ್ಲಿ ಒಡೆದು ಕಣ್ಣಿಗೆ ಸಿಡಿದಾಗಲೂ ಹೀಗೇ ಆಗಬಹುದು.

ಕಣ್ಣು ಎಷ್ಟು ಬತ್ತಿದೆ ಎಂದು ಅಳೆಯಲು ಒಂದು ಕಾಗದದ ಪಟ್ಟಿ ಸಾಕು. ಜರ್ಮನಿಯ ಒಟ್ಟೊ ಶಿರ್ಮರ್ 1903ರಲ್ಲಿ ತೋರಿಸಿಕೊಟ್ಟ ಪರೀಕ್ಷೆ ಇಂದಿಗೂ ಎಲ್ಲ ಕಣ್ಣಾಸ್ಪತ್ರೆಗಳಲ್ಲಿದೆ. ಕಿರುಬೆರಳಿಗಿಂತ ತೆಳ್ಳನೆಯ ಸೋಸುಕಾಗದದ ಪಟ್ಟಿಯ ತುದಿ ಮಡಚಿ ಕೆಳರೆಪ್ಪೆಯ ಅಂಚಿಗೆ ಸಿಕ್ಕಿಸುತ್ತಾರೆ. ಐದು ನಿಮಿಷ ಕಾಯಬೇಕು. ಆರೋಗ್ಯವಂತರಲ್ಲಿ ತೇವ ಹತ್ತು ಮಿಲಿಮೀಟರ್ ದಾಟಿ ಹರಿದುಬರುತ್ತದೆ. ಐದಕ್ಕೂ ಏರದಿದ್ದರೆ ಸಮಸ್ಯೆ ಗಂಭೀರ. ಕೆಲವರ ಪಟ್ಟಿ ಹಾಕಿದಾಗ ಎಷ್ಟು ಒಣಗಿತ್ತೋ ತೆಗೆದಾಗಲೂ ಅಷ್ಟೇ ಒಣಗಿರುತ್ತದೆ.

ಇಂಥ ಕಣ್ಣಿಗೆ ಅಂಗಡಿಯ ಹನಿ ಏಕೆ ಸಾಲದು? ಕೃತಕ ಕಣ್ಣೀರು ತೇವ ಕೊಡುತ್ತದೆ, ಜಾರಿಕೆ ಕೊಡುತ್ತದೆ. ಆದರೆ ನಿಜವಾದ ಕಣ್ಣೀರು ಬರೀ ನೀರಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದರ ಮೇಲ್ಪದರಕ್ಕೆ ಬೇಕಾದ ಎಷ್ಟೋ ಪೋಷಣೆ, ಗಾಯ ಮಾಯಿಸುವ ಅಂಶಗಳು, ಸೋಂಕು ತಡೆಯುವ ಪ್ರೋಟೀನುಗಳು ಬರುವುದು ಕಣ್ಣೀರಿನಿಂದಲೇ. ಅವುಗಳಲ್ಲಿ ಬಹುಪಾಲು ನಮ್ಮ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಾದ ಸೀರಮ್‌ನಲ್ಲೂ ಇವೆ. ಅದಕ್ಕೇ ರೋಗಿಯ ಸ್ವಂತ ಸೀರಮ್ಮನ್ನೇ ಕಣ್ಣಿನ ಹನಿಯಾಗಿ ಮಾಡಿಕೊಡುತ್ತಾರೆ. ಕೋಶಗಳ ಬೆಳವಣಿಗೆಗೆ ನೆರವಾಗುವ ಇ.ಜಿ.ಎಫ್., ವಿಟಮಿನ್ ಎ, ಫೈಬ್ರೊನೆಕ್ಟಿನ್, ಲೈಸೊಝೈಮ್ ಯಾವುದನ್ನೂ ಹೊರಗಿನಿಂದ ಸೇರಿಸಬೇಕಿಲ್ಲ.

ತಯಾರಿಕೆಯೂ ಸರಳ. ರೋಗಿಯ ತೋಳಿನಿಂದ ಸುಮಾರು 40–50 ಮಿ.ಲೀ. ರಕ್ತ ತೆಗೆದು, ಹೆಪ್ಪುಗಟ್ಟದಂತೆ ತಡೆಯುವ ಯಾವ ರಾಸಾಯನಿಕವನ್ನೂ ಬೆರೆಸದೆ ಕೊಳವೆಯಲ್ಲಿ ಎರಡು ಗಂಟೆ ನಿಲ್ಲಿಸುತ್ತಾರೆ. ರಕ್ತ ಗಟ್ಟಿಯಾದ ಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕೆಂಪು ಮುದ್ದೆ ತಳಕ್ಕಿಳಿದು, ಮೇಲೆ ಹೊನ್ನಬಣ್ಣದ ತಿಳಿ ನಿಲ್ಲುತ್ತದೆ. ಅದರ ಒಂದು ಭಾಗಕ್ಕೆ ನಾಲ್ಕು ಭಾಗ ಸಲೈನ್ ಬೆರೆಸಿದರೆ ಹೆಚ್ಚಾಗಿ ಬಳಸುವ ಶೇಕಡಾ 20ರ ಹನಿ ಸಿದ್ಧ. ಕೆಲವರಿಗೆ ಇನ್ನೂ ಗಾಢವಾಗಿ, ಶೇಕಡಾ 50ರವರೆಗೂ ಕೊಡುವುದುಂಟು.

ಇದು ನಿನ್ನೆ ಮೊನ್ನೆಯ ಪ್ರಯೋಗವೂ ಅಲ್ಲ. ಅಮೆರಿಕದ ರಾಬರ್ಟ್ ಫಾಕ್ಸ್ ಮತ್ತು ಸಂಗಡಿಗರು 1984ರಲ್ಲಿ ಒಣಕಣ್ಣಿಗೆ ಸೀರಮ್ ಹನಿಯ ಉಪಯೋಗವನ್ನು ವರದಿ ಮಾಡಿದರು. ಜಪಾನಿನ ಕಜುಒ ತ್ಸುಬೊಟಾ ಅವರ ತಂಡ 1999ರಲ್ಲಿ ಶೋಗ್ರೆನ್ ರೋಗಿಗಳಲ್ಲಿ ಇದನ್ನು ಬಳಸಿ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ವಿವರಿಸಿತು. 2003ರಲ್ಲಿ ದೆಹಲಿಯ ಏಮ್ಸ್ ವೈದ್ಯರು ಇನ್ನೊಂದು ಹೆಜ್ಜೆ ಮುಂದೆ ಹೋದರು: ಹೆರಿಗೆಯ ಬಳಿಕ ವ್ಯರ್ಥವಾಗುವ ಹೊಕ್ಕುಳಬಳ್ಳಿಯ ರಕ್ತದಿಂದ ಸೀರಮ್ ತೆಗೆದು, ಮಾಯದೆ ಉಳಿದ ಕಾರ್ನಿಯಾ ಗಾಯಗಳಿಗೆ ಬಳಸಿ ಫಲಿತಾಂಶ ಪ್ರಕಟಿಸಿದರು.

ಹಾಗೆಂದು ಇದು ಸಂಜೀವಿನಿಯಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2017ರ ಪರಿಶೀಲನೆಗೆ ಸಿಕ್ಕ ಸರಿಯಾದ ಪ್ರಯೋಗಗಳು ಐದೇ ಐದು, ರೋಗಿಗಳು ಒಟ್ಟು 92. ಮೊದಲ ಎರಡು ವಾರ ಉರಿ, ಚುಚ್ಚು ಕಡಿಮೆಯಾಗಬಹುದು. ದೀರ್ಘಕಾಲದ ಲಾಭ ಹೇಳಲು ಸಾಕ್ಷ್ಯ ಸಾಲದು ಎಂಬುದು ಅದರ ತೀರ್ಮಾನ. ಅದೇ ವರ್ಷ ಬಂದ ಅಂತರರಾಷ್ಟ್ರೀಯ ತಜ್ಞರ ವರದಿಯೂ ಸೀರಮ್ ಹನಿಯನ್ನು ಮೊದಲ ಮೆಟ್ಟಿಲಲ್ಲಿ ಇಡದೆ, ಉಳಿದ ಉಪಾಯಗಳು ಸೋತ ಮೇಲಿನ ಮೂರನೇ ಮೆಟ್ಟಿಲಲ್ಲಿ ಇಟ್ಟಿತು. ಆದರೆ ಸಾಕ್ಷ್ಯ ತೆಳುವಾಗಿರುವುದಕ್ಕೆ ಒಂದು ಕಾರಣವನ್ನು ಊಹಿಸುವುದು ಕಷ್ಟವಲ್ಲ. ರೋಗಿಯದೇ ರಕ್ತಕ್ಕೆ ಪೇಟೆಂಟ್ ಪಡೆಯಲು ಬರುವುದಿಲ್ಲ. ಪೇಟೆಂಟ್ ಇಲ್ಲದ ಮದ್ದಿನ ದೊಡ್ಡ ಪ್ರಯೋಗಕ್ಕೆ ಹಣ ಹಾಕುವ ಕಂಪನಿ ಯಾವುದು? ಲಾಭ ನೋಡುವವರು ಬಾರದ ಜಾಗಕ್ಕೆ ಸರ್ಕಾರವೇ ಬರಬೇಕು.

ಬೇರೆ ದೇಶಗಳಲ್ಲಿ ಬಂದಿದೆ ಕೂಡ. ಬ್ರಿಟನ್ನಿನಲ್ಲಿ ಸಾರ್ವಜನಿಕ ರಕ್ತಸೇವಾ ಸಂಸ್ಥೆಯೇ ಸೀರಮ್ ಹನಿ ತಯಾರಿಸಿ ಒದಗಿಸುತ್ತದೆ. ಸ್ವಂತ ರಕ್ತ ಕೊಡಲಾಗದವರಿಗೆ ದಾನಿಗಳ ಸೀರಮ್ ಕೊಡುತ್ತದೆ. ಈ ಎರಡನೆಯ ದಾರಿ ಕರ್ನಾಟಕಕ್ಕೆ ಇನ್ನೂ ಮುಖ್ಯ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಎರಡು ಮೂರು ತಿಂಗಳಿಗೊಮ್ಮೆ ರಕ್ತ ತೆಗೆಸಿಕೊಳ್ಳಿ ಎಂದು ಅಂಥವರಿಗೆ ಹೇಳುವುದು ಹೇಗೆ?

ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯಿಂದ ಕನ್ನಡಕ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಹಳ್ಳಿಗಳಿಗೆ ಮುಟ್ಟುತ್ತಿರುವುದು ಸಂತೋಷದ ಸಂಗತಿ. ಹಟಮಾರಿ ಒಣಕಣ್ಣಿಗೂ ಅಂಥ ಒಂದು ದಾರಿ ಬೇಕು. ರಾಯಚೂರು, ಬೀದರ್, ಹುಬ್ಬಳ್ಳಿ, ಶಿವಮೊಗ್ಗ ಎಲ್ಲೆಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಕಣ್ಣಿನ ವಿಭಾಗವಿದೆ, ರಕ್ತನಿಧಿಯಿದೆ, ಹೊಕ್ಕುಳಬಳ್ಳಿಯ ರಕ್ತ ಸಿಗುವ ಹೆರಿಗೆ ವಾರ್ಡೂ ಇದೆ. ಈ ಮೂರನ್ನೂ ಜೋಡಿಸುವ ಒಂದು ಆದೇಶ, ತಯಾರಿಕೆಗೆ ಒಂದೇ ನಿಯಮಾವಳಿ, ಅದಕ್ಕೆಂದೇ ತರಬೇತಾದ ಒಬ್ಬ ತಂತ್ರಜ್ಞ ಬೇಕು. ನಿಯಮಾವಳಿ ಬರೆಯಲು, ತರಬೇತಿ ಕೊಡಲು ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಂಥ ಸಂಸ್ಥೆ ಮುಂದಾಗಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಹನಿಗೆ ಸ್ಪಷ್ಟ ಸ್ಥಾನ ಸಿಗಬೇಕು.

ಶುದ್ಧತೆಯ ವಿಷಯದಲ್ಲಿ ಮಾತ್ರ ರಾಜಿ ಕೂಡದು. ಸಂರಕ್ಷಕ ಬೆರೆಸದ ಸೀರಮ್ ಬ್ಯಾಕ್ಟೀರಿಯಾಗಳಿಗೂ ಒಳ್ಳೆಯ ಆಹಾರ. 2022–23ರಲ್ಲಿ ಭಾರತದಲ್ಲಿ ತಯಾರಾದ ಕೃತಕ ಕಣ್ಣೀರಿನ ನಂಟಿದ್ದ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ಸೋಂಕು ಅಮೆರಿಕದಲ್ಲಿ 81 ಜನರಿಗೆ ತಗುಲಿ ನಾಲ್ವರು ಸತ್ತರು; 14 ಮಂದಿಗೆ ದೃಷ್ಟಿ ಹೋಯಿತು. ಕಾರ್ಖಾನೆಯ ಹನಿಯೇ ಹೀಗಾದರೆ ಕೈಯಿಂದ ತುಂಬುವ ಬಾಟಲಿಗೆ ಎಷ್ಟು ಎಚ್ಚರ ಬೇಕು! ಎಚ್‌ಐವಿ, ಹೆಪಟೈಟಿಸ್ ತಪಾಸಣೆ, ಗಾಳಿ ಸೋಸುವ ಕ್ಯಾಬಿನೆಟ್, ಬಾಟಲಿಯ ಮೇಲೆ ಹೆಸರು ಮತ್ತು ದಿನಾಂಕ ಯಾವುದೂ ತಪ್ಪಬಾರದು.

ಮನೆಯಲ್ಲೂ ಅಷ್ಟೇ ಕಟ್ಟುನಿಟ್ಟು. ತೆರೆಯದ ಬಾಟಲಿಗಳು ಮೈನಸ್ 20 ಡಿಗ್ರಿಯಲ್ಲಿ ಸುಮಾರು ಮೂರು ತಿಂಗಳು ಬಾಳುತ್ತವೆ. ಬಳಕೆಗೆ ತೆಗೆದದ್ದು ಫ್ರಿಜ್ಜಿನಲ್ಲಿರಬೇಕು, ಆಸ್ಪತ್ರೆ ಹೇಳಿದ ದಿನ ದಾಟಿದರೆ ಚೆಲ್ಲಬೇಕು. ಕರೆಂಟು ಹೋಗಿ ಬರುವ ಹಳ್ಳಿಯಲ್ಲಿ, ಫ್ರಿಜ್ಜೇ ಇಲ್ಲದ ಮನೆಯಲ್ಲಿ ಇದು ಹೇಗೆ ಸಾಧ್ಯ? ಲಸಿಕೆಗಳನ್ನು ತಂಪಾಗಿಡಲು ಐಸ್‌ಲೈನ್ಡ್ ರೆಫ್ರಿಜರೇಟರ್, ಡೀಪ್ ಫ್ರೀಜರ್ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಊರೂರಿನ ಹತ್ತಿರದಲ್ಲಿವೆ. ಲಸಿಕೆಯ ಪೆಟ್ಟಿಗೆಯಲ್ಲೇ ಇಡಬೇಕೆಂದಲ್ಲ. ಅದರ ಪಕ್ಕದಲ್ಲೊಂದು ಸಣ್ಣ ಫ್ರೀಜರ್ ಇಟ್ಟರೆ ರೋಗಿಯ ಬಾಟಲಿಗಳು ಅಲ್ಲಿರುತ್ತವೆ. ಆಗ ಮಾನ್ವಿಯ ಹೆಣ್ಣುಮಗಳೊಬ್ಬಳು ಐಸ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬರಬೇಕಿಲ್ಲ. ರಾಯಚೂರಿನಲ್ಲಿ ರಕ್ತ ಕೊಟ್ಟು, ಬಾಟಲಿಗಳನ್ನು ತನ್ನೂರಿನ ಆರೋಗ್ಯ ಕೇಂದ್ರದಲ್ಲಿಟ್ಟು, ವಾರಕ್ಕೊಂದರಂತೆ ಮನೆಗೆ ಒಯ್ಯಬಹುದು.