ಗ್ರಹಣದ ಚಿತ್ರಕ್ಕೆ ಪೂರ್ಣ ಅಂಕ, ಗ್ರಹಣದ ದಿನ ಬಾಗಿಲಿಗೆ ಚಿಲಕ



ಈ ಸಲದ ಬರಹ ಕೆಲವರಿಗೆ ಕಹಿಯೆನಿಸಬಹುದು. ಹೇಳದೆ ಉಳಿದರೆ ಮೂವತ್ತಕ್ಕೂ ಹೆಚ್ಚು ವರ್ಷ ಬೆಳಕಿನ ಪಾಠ ಮಾಡಿದ ನಾನು ಆ ಪಾಠಕ್ಕೇ ದ್ರೋಹ ಬಗೆದಂತಾಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ.

1980ರ ಫೆಬ್ರವರಿ 16, ಶನಿವಾರ. ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋದ ಪೂರ್ಣ ಸೂರ್ಯಗ್ರಹಣದ ದಿನವದು. ನಮ್ಮ ಮೇಲವಂಕಿ ಆ ಪಟ್ಟಿಯಿಂದ ಸ್ವಲ್ಪ ಉತ್ತರಕ್ಕಿದ್ದುದರಿಂದ ಇಲ್ಲಿ ಪೂರ್ಣವಾಗಿ ಕತ್ತಲಾಗಲಿಲ್ಲ. ಆದರೂ ಸೂರ್ಯನ ಬಹುಪಾಲು ಮರೆಯಾಗಿತ್ತು. ಬಿ.ಎಸ್ಸಿ. ಓದುತ್ತಿದ್ದ ನಾನು ಊರಿಗೆ ಬಂದಿದ್ದೆ. ಮಧ್ಯಾಹ್ನವೇ ನಮ್ಮ ಆಯಿ ಎಲ್ಲರನ್ನೂ ಒಳಗೆ ಕೂಡಿ ಬಾಗಿಲು ಮುಚ್ಚಿ, “ಹೊರಗ ಹೆಜ್ಜಿ ಇಟ್ಟೀರಿ ಅಂದ್ರ ನೋಡ್ರಿ” ಎಂದು ಬಾಗಿಲಿಗೆ ಅಡ್ಡವಾಗಿ ಕುಳಿತಳು.

ಮಾಳಿಗೆಯ ಗವಾಕ್ಷಿಗೆ ಮುಚ್ಚಿದ್ದ ತಗಡಿನಲ್ಲಿ ಒಂದು ಮೊಳೆಯ ತೂತಿತ್ತು. ಅಲ್ಲಿಂದ ಓರೆಯಾಗಿ ಇಳಿದ ಬೆಳಕು ಮೂಡಣದ ಗೋಡೆಯ ಮೇಲೆ ದಿನವೂ ರೂಪಾಯಿಯ ನಾಣ್ಯದಷ್ಟು ದುಂಡಗೆ ಬೀಳುತ್ತಿತ್ತು. ಅಂದು ಮೂರೂವರೆ ದಾಟಿದ ಮೇಲೆ ನೋಡಿದರೆ ಅದು ಸಣ್ಣ ಕುಡುಗೋಲಾಗಿತ್ತು! ಆಯಿ ಗಾಬರಿಯಿಂದ “ಒಳಗ ಬಂತಲ್ಲೋ ತಮ್ಮಾ” ಎಂದು ಗೋಡೆಗೆ ಕೌದಿ ತೂಗುಹಾಕಿದಳು. ಕುಡುಗೋಲು ಕೌದಿಯ ಮೇಲೂ ಬಂದು ಕುಳಿತಿತು.

ಆಯಿಗೆ ಅದು ಏನೆಂದು ತಿಳಿಯಲಿಲ್ಲ. ಅವಳು ಶಾಲೆಯ ಮುಖ ಕಂಡವಳಲ್ಲ. ನಾಚಿಕೆಗೇಡಿನ ಸಂಗತಿಯೆಂದರೆ ನನಗೂ ತಿಳಿಯಲಿಲ್ಲ. ಸೂಜಿರಂಧ್ರ ಕ್ಯಾಮರಾದ ಚಿತ್ರವನ್ನು ಎಷ್ಟೋ ಪರೀಕ್ಷೆಗಳಲ್ಲಿ ಸ್ಕೇಲು ಹಿಡಿದು ಬಿಡಿಸಿ ಅಂಕ ಪಡೆದಿದ್ದೆ. ನಮ್ಮ ಪಡಸಾಲೆಯೇ ಆ ಕ್ಯಾಮರಾ, ಕೌದಿಯೇ ಅದರ ಪರದೆ, ಕುಡುಗೋಲೇ ಗ್ರಹಣ ಹಿಡಿದ ಸೂರ್ಯನ ಬಿಂಬ ಎಂಬುದು ಹೊಳೆಯಲಿಲ್ಲ. ಮುಂದೆ ಬಿ.ಎಡ್. ತರಬೇತಿಯಲ್ಲಿ ರಟ್ಟಿನ ಡಬ್ಬಿಗೆ ಸೂಜಿಯಿಂದ ತೂತು ಮಾಡುತ್ತಿದ್ದಾಗ ಆ ಗೋಡೆ ನೆನಪಾಗಿ ಕೈ ನಿಂತುಬಿಟ್ಟಿತು. ಗ್ರಹಣ ಮುಚ್ಚಿದ ಮನೆಯೊಳಗೂ ನನ್ನನ್ನು ಹುಡುಕಿಕೊಂಡು ಬಂದಿತ್ತು. ಅದನ್ನು ಗುರುತಿಸುವ ಕಣ್ಣನ್ನು ನನ್ನ ವಿದ್ಯೆ ನನಗೆ ಕೊಟ್ಟಿರಲಿಲ್ಲ.

ಇದು 1980ರ ಮಾತಾಯಿತು, ಈಗ ಕಾಲ ಬದಲಾಗಿದೆ ಎನ್ನುವವರಿಗೆ 2019ರ ಡಿಸೆಂಬರ್ 26ನ್ನು ನೆನಪಿಸುತ್ತೇನೆ. ಅಂದು ಕಾಸರಗೋಡಿನ ಚೆರುವತ್ತೂರಿನಲ್ಲಿ, ಕೊಡಗಿನ ದಕ್ಷಿಣ ತುದಿಯಲ್ಲಿ ಕಂಕಣ ಗ್ರಹಣ; ನಮ್ಮ ಸೀಮೆಯಲ್ಲಿ ಪಾರ್ಶ್ವ ಗ್ರಹಣ. ನಿವೃತ್ತಿ ಹತ್ತಿರವಾಗಿದ್ದ ನಾನು ಮಕ್ಕಳಿಗೆ ವಾರದ ಮೊದಲೇ ಹೇಳಿ, ಬಿಳಿ ಹಾಳೆ, ರಟ್ಟು, ಸೂಜಿಗಳನ್ನು ಸಿದ್ಧಮಾಡಿಕೊಂಡಿದ್ದೆ. ಬಂದವರು ಬೆರಳೆಣಿಕೆಯಷ್ಟು ಮಕ್ಕಳು. ಚಂದ್ರನ ದಟ್ಟ ನೆರಳನ್ನೂ ಅರೆ ನೆರಳನ್ನೂ ಕರಿಹಲಗೆಯ ಮೇಲೆ ತಪ್ಪಿಲ್ಲದೆ ಬಿಡಿಸಿ ಚಪ್ಪಾಳೆ ಗಿಟ್ಟಿಸಿದ್ದ ಹುಡುಗಿಯೇ ಬಂದಿರಲಿಲ್ಲ. ಮರುದಿನ ಅವಳ ತಾಯಿ ಎದುರಾದಾಗ ಕೇಳಿದೆ. “ಪರೀಕ್ಷಾದಾಗ ಬರೀಲಿ ಬಿಡ್ರಿ ಸರ್, ಮನ್ಯಾಗ ಅದೆಲ್ಲಾ ಬ್ಯಾಡ” ಎಂದರು.

ಆ ತಾಯಿಯನ್ನು ನಾನು ದೂಷಿಸಲಾರೆ. ಅಂದು ಶಿಕ್ಷಕರ ಕೊಠಡಿಯಲ್ಲಿ, ಅದೇ ವಿಜ್ಞಾನ ಬೋಧಿಸುವ ಸಹೋದ್ಯೋಗಿಯೊಬ್ಬರು ಗ್ರಹಣ ಬಿಡುವವರೆಗೆ ಹನಿ ನೀರು ಮುಟ್ಟದೆ ಕಿಟಕಿ ಮುಚ್ಚಿ ಕುಳಿತಿದ್ದರು. ಗುರುವೇ ಪಾಠವನ್ನು ನಂಬದಿದ್ದರೆ ಪಾಲಕರು ಏಕೆ ನಂಬಬೇಕು? ಅದೇ ಬೆಳಿಗ್ಗೆ ಕಲಬುರಗಿ ಬಳಿಯ ತಾಜ್‌ಸುಲ್ತಾನಪುರದಲ್ಲಿ, ಅಂಗವಿಕಲತೆ ವಾಸಿಯಾಗುವುದೆಂಬ ನಂಬಿಕೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಚಿಲಕ ಹಾಕುವುದಕ್ಕೂ ಮಣ್ಣು ಎಳೆಯುವುದಕ್ಕೂ ಬಹಳ ದೂರವಿದೆ ಎಂದುಕೊಳ್ಳಬೇಡಿರಿ. ಎರಡರ ಬೇರೂ ಒಂದೇ: ಗ್ರಹಣದ ಬೆಳಕು ಬೇರೆ ಬೆಳಕು ಎಂಬ ಸುಳ್ಳು.

ಅದು ಬೇರೆ ಬೆಳಕಲ್ಲ. ಬೆಳಕು ನೇರವಾಗಿ ಚಲಿಸುತ್ತದೆ. ಅಡ್ಡ ಬಂದ ವಸ್ತುವಿನ ಹಿಂದೆ ನೆರಳು ಬೀಳುತ್ತದೆ. ಸೂರ್ಯನ ವ್ಯಾಸ ಚಂದ್ರನ ವ್ಯಾಸದ ಸುಮಾರು 400 ಪಟ್ಟು. ದೂರವೂ ಸುಮಾರು ಅಷ್ಟೇ ಪಟ್ಟು. ಆದ್ದರಿಂದ ಆಕಾಶದಲ್ಲಿ ಎರಡೂ ಒಂದೇ ಅಳತೆಯಾಗಿ ಕಂಡು, ಒಂದು ಇನ್ನೊಂದನ್ನು ಮುಚ್ಚಬಲ್ಲದು. ಅಷ್ಟೇ. ಎಂದಿನ ಬೆಳಕೇ ಗ್ರಹಣದಂದು ಕಡಿಮೆ ಪ್ರಮಾಣದಲ್ಲಿ ಬರುತ್ತದೆ. ಅದು ಅನ್ನವನ್ನು ವಿಷವಾಗಿಸಲಾರದು, ಗರ್ಭಿಣಿಯ ಕೂಸಿಗೆ ಕೇಡು ಮಾಡಲಾರದು.

ಎದುರು ವಾದಗಳನ್ನು ಬಲ್ಲೆ. ಮೊದಲನೆಯದು, ಕಣ್ಣು ಕೆಡುತ್ತದೆಂಬುದು. ಇದು ನಿಜ, ಇದನ್ನು ನಾನು ಎಂದೂ ಹಗುರಾಗಿ ಕಂಡಿಲ್ಲ. ಬೆಳಕು ಕುಂದಿದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ದಿಟ್ಟಿಸುವ ಧೈರ್ಯ ಬರುತ್ತದೆ. ಉಳಿದ ಎಳೆಯಷ್ಟು ಸೂರ್ಯನೂ ಅಕ್ಷಿಪಟಲವನ್ನು ಸುಡಬಲ್ಲ. ಅಲ್ಲಿ ನೋವಿನ ಅರಿವಿಲ್ಲವಾದ್ದರಿಂದ ಸುಟ್ಟದ್ದು ಆಗಲೇ ತಿಳಿಯುವುದೂ ಇಲ್ಲ. ಮಸಿ ಹಿಡಿಸಿದ ಗಾಜು, ಎಕ್ಸ್‌ರೇ ಹಾಳೆ, ತಂಪು ಕನ್ನಡಕ ಯಾವುದೂ ಸಲ್ಲದು; ಪ್ರಮಾಣಿತ ಗ್ರಹಣ ಕನ್ನಡಕ ಬೇಕು. ಆದರೆ ಇದರಿಂದ ಸಿದ್ಧವಾಗುವುದು ನೇರವಾಗಿ ನೋಡಬಾರದು ಎಂಬುದೇ ಹೊರತು, ಹೊರಗೇ ಹೋಗಬಾರದು ಎಂಬುದಲ್ಲ. ಸೂರ್ಯನಿಗೆ ಬೆನ್ನು ಮಾಡಿ ನಿಂತು ಸೂಜಿರಂಧ್ರದ ಬಿಂಬವನ್ನು ಹಾಳೆಯ ಮೇಲೆ ನೋಡುವವನಿಗೆ ಯಾವ ಅಪಾಯವೂ ಇಲ್ಲ. ರಂಧ್ರದಿಂದ ಹಾಳೆ ಒಂದು ಮೀಟರ್ ದೂರವಿದ್ದರೆ ಬಿಂಬ ಸುಮಾರು 9 ಮಿಲಿಮೀಟರ್, ಎರಡು ಮೀಟರಿಗೆ ಅದರ ಇಮ್ಮಡಿ. ರಟ್ಟೂ ಬೇಡವೆನ್ನುವವರು ಬೂಂದಿ ಕರಿಯುವ ಝಾರಾ ಹಿಡಿಯಲಿ, ಇಲ್ಲವೇ ಬೇವಿನ ಮರದ ಕೆಳಗೆ ನಿಲ್ಲಲಿ. ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ದುಂಡು ಚುಕ್ಕೆಗಳೆಲ್ಲ ಸೂರ್ಯನ ಬಿಂಬಗಳೇ. ಗ್ರಹಣದ ದಿನ ಅಷ್ಟೂ ಕುಡುಗೋಲಾಗುತ್ತವೆ.

ಎರಡನೆಯದು, ಹಿರಿಯರ ಸಂಪ್ರದಾಯ. ಹಿರಿಯರು ಉಪವಾಸವಿರಲಿ, ಗ್ರಹಣ ಬಿಟ್ಟ ಮೇಲೆ ಮೀಯಲಿ, ನನ್ನ ತಕರಾರಿಲ್ಲ. ಆದರೆ ಗ್ರಹಣಕ್ಕೆ ನೆರಳೇ ಕಾರಣವೆಂದು ಕ್ರಿ.ಶ. 499ರಷ್ಟು ಹಿಂದೆಯೇ ಬರೆದ ಆರ್ಯಭಟನೂ ನಮ್ಮ ಹಿರಿಯನೇ ಅಲ್ಲವೆ? ಗ್ರಹಣದ ಹೊತ್ತನ್ನು ಪಂಚಾಂಗ ಮೊದಲೇ ಹೇಳಬಲ್ಲದ್ದು ಗಣಿತದಿಂದ. ಆ ಗಣಿತದಲ್ಲಿ ರಾಹು ಕೇತುಗಳೆಂದರೆ ಚಂದ್ರನ ಹಾದಿಯೂ ಸೂರ್ಯನ ಹಾದಿಯೂ ಒಂದನ್ನೊಂದು ದಾಟುವ ಎರಡು ಬಿಂದುಗಳು. ಪಂಚಾಂಗದ ಲೆಕ್ಕ ಬೇಕು, ಲೆಕ್ಕದ ಹಿಂದಿನ ಅರಿವು ಬೇಡ ಎಂದರೆ ಅದು ಯಾವ ಸಂಪ್ರದಾಯ?

ನಮ್ಮ ಪಕ್ಕದ ಜಮಖಂಡಿಯ ಕಥೆ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1868ರ ಆಗಸ್ಟ್ 18ರ ಪೂರ್ಣ ಗ್ರಹಣವನ್ನು ಅಭ್ಯಸಿಸಲು ಯುರೇನಸ್ ಕಂಡುಹಿಡಿದ ಹರ್ಷೆಲ್‌ನ ಮೊಮ್ಮಗನಾದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಲಂಡನ್ನಿನ ರಾಯಲ್ ಸೊಸೈಟಿಯ ಉಪಕರಣಗಳೊಡನೆ ಜಮಖಂಡಿಗೆ ಬಂದಿದ್ದ. ಮೋಡಗಳ ಕಾಟದ ನಡುವೆಯೇ ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡ. ಅದೇ ಗ್ರಹಣವನ್ನು ಜಾನ್ಸೆನ್ ಗುಂಟೂರಿನಲ್ಲಿ ನೋಡಿದ. ಆ ಕಿತ್ತಳೆ-ಹಳದಿ ಗೆರೆಯ ಬೆನ್ನು ಹತ್ತಿದ್ದರಿಂದಲೇ ಹೀಲಿಯಂ ಎಂಬ ಧಾತು ಗೊತ್ತಾಯಿತು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ. ನಮ್ಮ ಬಯಲುಸೀಮೆಯ ಆಕಾಶದಿಂದ ಒಂದು ಹೊಸ ಧಾತುವಿನ ಸುಳಿವು ಲೋಕಕ್ಕೆ ಹೋಯಿತು. ನಾವು ಮಾತ್ರ ಇನ್ನೂ ಗವಾಕ್ಷಿ ಮುಚ್ಚುತ್ತಿದ್ದೇವೆ.

ಮೂರನೆಯದು, ಪಠ್ಯ ಮುಗಿಸಲು ಸಮಯವಿಲ್ಲವೆಂಬುದು. ಇದು ನಮ್ಮ ವೃತ್ತಿಬಾಂಧವರ ಮಾತು, ನನ್ನ ಸಿಟ್ಟೆಲ್ಲ ಇದರ ಮೇಲೆಯೇ. ಹತ್ತನೆಯ ತರಗತಿಯ ಬೆಳಕಿನ ಅಧ್ಯಾಯವನ್ನು ಮಸೂರ ಮುಟ್ಟದೆ, ದರ್ಪಣ ಹಿಡಿಯದೆ, ಕಿರಣಚಿತ್ರಗಳ ಕಂಠಪಾಠದಿಂದಲೇ ಮುಗಿಸುವ ಶಾಲೆಗಳು ಎಷ್ಟಿಲ್ಲ? ಪ್ರತಿ ಫೆಬ್ರವರಿ 28ಕ್ಕೆ ರಾಮನ್ ಅವರ ಭಾವಚಿತ್ರಕ್ಕೆ ಹಾರ ಹಾಕಿ ಭಾಷಣ ಮಾಡುತ್ತೇವೆ. ಸಮುದ್ರ ಏಕೆ ನೀಲಿ ಎಂದು ಕೇಳಿದವರು ಅವರು. ಕುಡುಗೋಲು ಏಕೆ ಬಂತು ಎಂದು ಕೇಳುವ ಮಗುವನ್ನು ನಾವು ಒಳಗೆ ಕೂಡುತ್ತೇವೆ.

2027ರ ಆಗಸ್ಟ್ 2, ಸೋಮವಾರ, ಈಜಿಪ್ತಿನ ಮೇಲೆ ದೀರ್ಘವಾದ ಪೂರ್ಣ ಸೂರ್ಯಗ್ರಹಣವಿದೆ. ನಮ್ಮಲ್ಲಿ ಹೊತ್ತು ಇಳಿದ ಮೇಲೆ ಅದು ಪಾರ್ಶ್ವವಾಗಿ, ಅಂಚು ಕಚ್ಚಿದ ರೊಟ್ಟಿಯಂತೆ ಕಂಡೀತು. ಮಳೆಗಾಲದ ಮೋಡ ಅಡ್ಡ ಬಂದರೂ ಬಂದೀತು, ಹರ್ಷೆಲ್‌ನಿಗೂ ಬಂದಿತ್ತು. ನನ್ನ ಶಿಷ್ಯರಲ್ಲಿ ಈಗ ಶಿಕ್ಷಕರಾದವರು ಅನೇಕರು, ತಂದೆತಾಯಿಗಳಾದವರು ಇನ್ನೂ ಅನೇಕರು. ಗುರುದಕ್ಷಿಣೆಯೆಂದು ನಾನು ಯಾರನ್ನೂ ಏನನ್ನೂ ಕೇಳಿದವನಲ್ಲ. ಈಗ ಕೇಳುತ್ತೇನೆ: ಆ ದಿನ ಮಕ್ಕಳನ್ನು ಮೈದಾನಕ್ಕೆ ಕರೆತನ್ನಿರಿ, ಬೆನ್ನ ಹಿಂದೆ ಸೂರ್ಯನಿರಲಿ, ಕೈಯಲ್ಲಿ ಹಾಳೆಯಿರಲಿ. ಮನೆಯ ಅಜ್ಜಿಯರು ಒಪ್ಪದಿದ್ದರೆ ಜಗಳವಾಡಬೇಡಿರಿ, ಅವರ ಕೈಗೂ ಒಂದು ಹಾಳೆ ಕೊಡಿರಿ. ನಮ್ಮ ಆಯಿಗೆ ಅದನ್ನು ಕೊಡುವಷ್ಟು ವಿದ್ಯೆ ಅಂದು ನನ್ನಲ್ಲಿರಲಿಲ್ಲ.

ಇಂತಿ,
ನಿಮ್ಮ ವಿಜ್ಞಾನದ ಮಾಸ್ತರ