ದಾಸೋಹ ಬಂದಿತು, ಅಕ್ಷರ ಬಂದಿತೆ?



ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೆ ನಮ್ಮ ನಾಡಿನಲ್ಲಿ ‘ಅಕ್ಷರ ದಾಸೋಹ’ ಎಂದು ಹೆಸರು. 2002ರಲ್ಲಿ ಆ ಯೋಜನೆ ಮೊದಲು ಆರಂಭವಾದದ್ದು ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ. ಯಾದಗಿರಿ, ಶಹಾಪುರ, ಸುರಪುರಗಳು ಅಂದು ಸೇರಿದ್ದ ಗುಲಬರ್ಗಾ ಜಿಲ್ಲೆಯೂ ಅವುಗಳಲ್ಲೊಂದು. ಆ ಹೆಸರಿನಲ್ಲಿ ಎರಡು ಮಾತುಗಳಿವೆ. ದಾಸೋಹವೇನೋ ನಡೆದಿದೆ, ಅಕ್ಷರದ ಗತಿಯೇನು ಎಂಬುದೇ ಈ ತಿಂಗಳ ಚಿಂತನೆ.

ಈ ಸೀಮೆಯ ಶಾಲೆಗಳು ಬೆಳೆದಿಲ್ಲವೆಂದರೆ ಅಪಚಾರವಾದೀತು. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿ ಶಾಲೆಗಳೇ ವಿರಳ, ಇದ್ದಲ್ಲಿಯೂ ಉರ್ದುವಿಗೇ ಅಗ್ರಸ್ಥಾನ. 1956ರ ಏಕೀಕರಣದ ತರುವಾಯ ಕನ್ನಡ ಶಾಲೆಗಳು ಹಳ್ಳಿಗಳನ್ನು ತಲುಪಿದವು. ಕೊಠಡಿ, ಪಠ್ಯಪುಸ್ತಕ, ಸಮವಸ್ತ್ರಗಳು ಬಂದವು. ಆದರೂ 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲಿಯೇ ಕಡೆಯ ಸ್ಥಾನ. ಸ್ತ್ರೀಯರಲ್ಲಂತೂ ಶೇ. 41.38 ಮಾತ್ರ.

ಇನ್ನೊಂದು ಲೆಕ್ಕವನ್ನೂ ನೋಡಿರಿ. 2023ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಜಿಲ್ಲೆಯ ಫಲಿತಾಂಶ ಶೇ. 75.49. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಾವಲು ಬಂದಿತು. ಕೃಪಾಂಕ ನೀಡಿದ ಮೇಲೂ ಫಲಿತಾಂಶ ಶೇ. 50.59ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೆ? ಇಲ್ಲ. ಹಿಂದಿನ ಅಂಕಪಟ್ಟಿಗಳಲ್ಲಿ ಎಷ್ಟು ಭಾಗ ಅರಿವು, ಎಷ್ಟು ಭಾಗ ನಕಲು ಎಂದು ನಾವು ಕೇಳಿಕೊಳ್ಳಬೇಕಾಗಿದೆ. ಆ ಅಂಕಪಟ್ಟಿ ಹಿಡಿದು ಕಾಲೇಜಿನ ಮೆಟ್ಟಿಲು ಹತ್ತಿದ ಮಗುವಿಗೆ ನಾವು ಮಾಡಿದ್ದು ಉಪಕಾರವಲ್ಲ, ವಂಚನೆ.

ಕಾರಣಗಳು ಕಣ್ಣ ಮುಂದಿವೆ. ಹೊರಗಿನಿಂದ ಬಂದ ಶಿಕ್ಷಕರಲ್ಲಿ ಅನೇಕರು ವರ್ಗಾವಣೆಗೆ ಕಾಯುತ್ತಾರೆ. ತೆರವಾದ ಸ್ಥಾನಕ್ಕೆ ವರ್ಷಕ್ಕೊಮ್ಮೆ ನೇಮಕವಾಗುವ ಅತಿಥಿ ಶಿಕ್ಷಕರು ಬರುತ್ತಾರೆ. ಹತ್ತಿ ಬಿಡಿಸುವ ಕಾಲ ಬಂದಿತೆಂದರೆ ತರಗತಿಗಳು ಬರಿದಾಗುತ್ತವೆ. ಕೂಲಿ ಅರಸಿ ಬೆಂಗಳೂರು, ಮುಂಬಯಿಗಳಿಗೆ ಗುಳೆ ಹೋಗುವ ತಾಯಿತಂದೆಯರೊಡನೆ ಮಕ್ಕಳೂ ಹೊರಡುತ್ತಾರೆ. ಮನೆಯಲ್ಲುಳಿದ ಹೆಣ್ಣುಮಗಳಿಗೆ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸ.

ಇದರಲ್ಲಿ ನಮ್ಮ ಪಾಲೂ ಇದೆ. ಅನುಕೂಲವಂತರಾದ ನಾವು ನಮ್ಮ ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸಿದೆವು. ಅಂದಿನಿಂದ ಊರ ಶಾಲೆಯಲ್ಲಿ ಪಾಠ ನಡೆಯಿತೆ ಎಂದು ಕೇಳುವ ಗಟ್ಟಿ ದನಿ ಇಲ್ಲವಾಯಿತು. ಅಲ್ಲಿ ಉಳಿದವರು ಹೆಚ್ಚಾಗಿ ಕೂಲಿಕಾರರ ಮಕ್ಕಳು. ಕಾಯಕವನ್ನು ಕೊಂಡಾಡುವ ನಾವು ಕಾಯಕಜೀವಿಯ ಕೂಸನ್ನೇ ಮರೆತೆವಲ್ಲ!

ನಾನು ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವನು. ಅಲ್ಲಿ ಜಾತಿಯನ್ನು ಕೇಳದೆ ಪಂಕ್ತಿಯಲ್ಲಿ ಕೂರಿಸಿದರು. ಸಂಜೆ ದೀಪದ ಮುಂದೆ ಕೂರಿಸಿ ಗಟ್ಟಿಯಾಗಿ ಓದಿಸಿದರು. ಅನ್ನದ ಋಣಕ್ಕಿಂತ ಆ ಓದಿನ ಋಣವೇ ನನಗೆ ದೊಡ್ಡದು.

ಆದುದರಿಂದ ನನ್ನ ವಿನಂತಿ ಇಷ್ಟೇ. ಗುಳೆಯ ತಿಂಗಳುಗಳಲ್ಲಿ ಊರಿನ ಮಠವೋ ಸಮುದಾಯ ಭವನವೋ ಆ ಮಕ್ಕಳಿಗೆ ಊಟ, ವಸತಿ, ಸಂಜೆಯ ಪಾಠ ಒದಗಿಸಲಿ. ವಿದ್ಯಾವಂತ ಸೊಸೆ, ನಿವೃತ್ತ ಗುರುಗಳು ದಿನಕ್ಕೊಂದು ತಾಸು ಕೊಡಲಿ. ನಮ್ಮ ಮಕ್ಕಳು ಅಲ್ಲಿ ಓದದಿದ್ದರೂ ತಿಂಗಳಿಗೊಮ್ಮೆ ಊರ ಶಾಲೆಗೆ ಹೋಗೋಣ. ಗುರುಗಳ ಕಷ್ಟವನ್ನು ಕೇಳೋಣ. ಐದನೆಯ ತರಗತಿಯ ಒಂದು ಮಗುವಿನಿಂದ ಒಂದು ಪುಟ ಓದಿಸೋಣ. ಆ ಮಗು ತಡವರಿಸಿದರೆ ತಲೆ ತಗ್ಗಿಸಬೇಕಾದದ್ದು ಮಗುವಲ್ಲ, ನಾವು.